ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್: ಕೆ-ರಾಸ್ ಒಂದೇ ಕಾರಣವೇ?

ಜೀವಶಾಸ್ತ್ರ ವಿದ್ಯಾರ್ಥಿನಿ, ಜಯನಗರ:
ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90ರಷ್ಟರಲ್ಲಿ ಕೆ-ರಾಸ್ ವಂಶವಾಹಿ ರೂಪಾಂತರಗೊಂಡಿರುತ್ತದೆ ಎಂದು ಓದಿದ್ದೇನೆ. ರೋಗ ಉಲ್ಬಣಿಸಲು ಅದೊಂದೇ ಸಾಕೇ? ತಿಳಿದವರು ದಯವಿಟ್ಟು ವಿವರಿಸಬೇಕು.

ರೋಗಶಾಸ್ತ್ರ ಬೋಧಕ, ಬಸವನಗುಡಿ:
ಸಾಲದು. ಕೆ-ರಾಸ್ ಪ್ರೋಟೀನು ಜಿಟಿಪಿ ಅಣುವನ್ನು ಹಿಡಿದಿರುವಾಗ ಬೆಳವಣಿಗೆಯ ಸಂಕೇತ ಕಳಿಸುತ್ತದೆ, ಅದನ್ನು ಒಡೆದು ಜಿಡಿಪಿ ಮಾಡಿದೊಡನೆ ಸುಮ್ಮನಾಗುತ್ತದೆ. ಈ ಪ್ರೋಟೀನಿನ ಅಮೈನೊ ಆಮ್ಲಗಳ ಸರಪಳಿಯಲ್ಲಿ 12ನೆಯ ಸ್ಥಾನದ ಗ್ಲೈಸಿನ್ ಜಾಗಕ್ಕೆ ಆಸ್ಪಾರ್ಟಿಕ್ ಆಮ್ಲ ಬಂದರೆ (ಈ ರೋಗದಲ್ಲಿ ಅತಿ ಹೆಚ್ಚು ಕಾಣುವುದು ಇದೇ) ಆ ಒಡೆಯುವ ಕೆಲಸ ಕುಂಠಿತವಾಗಿ, ರಾಫ್, ಮೆಕ್, ಎರ್ಕ್ ಎಂಬ ಕೈನೇಸ್‌ಗಳ (ಸಂಕೇತವನ್ನು ಮುಂದೆ ದಾಟಿಸುವ ಕಿಣ್ವಗಳ) ಸರಣಿ ಬಿಡುವಿಲ್ಲದೆ ಚಾಲನೆಯಲ್ಲಿರುತ್ತದೆ. ಆದರೂ ಗ್ರಂಥಿಯ ನಾಳಗಳ ಒಳಪದರದಲ್ಲಿ ಈ ರೂಪಾಂತರ ಹೊತ್ತ ಸಣ್ಣ ವಿಕೃತಿಗಳು ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಸಿಡಿಕೆಎನ್2ಎ, ಟಿಪಿ53, ಸ್ಮ್ಯಾಡ್4 ಮುಂತಾದ, ಕೋಶಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ವಂಶವಾಹಿಗಳ ತಡೆಗಳು ಕಳಚಿದಂತೆಲ್ಲ ರೋಗ ಆಕ್ರಮಣಕಾರಿಯಾಗುತ್ತದೆ. ಇವುಗಳಲ್ಲಿ ಸ್ಮ್ಯಾಡ್4 ವಿಶೇಷ ಗಮನಕ್ಕೆ ಅರ್ಹವೆಂದು ನನ್ನ ಅಭಿಪ್ರಾಯ. ಆರಂಭದಲ್ಲಿ ಸ್ಮ್ಯಾಡ್4 ಮೂಲಕ ಕೋಶವಿಭಜನೆಯನ್ನು ತಡೆಯುವ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಸಂಕೇತವೇ, ಸ್ಮ್ಯಾಡ್4 ಇಲ್ಲವಾದ ಮೇಲೆ, ಕೋಶಗಳು ಹರಡುವುದಕ್ಕೆ ನೆರವಾಗಬಲ್ಲದು.

ಸಂಶೋಧನಾ ವಿದ್ಯಾರ್ಥಿ, ಯಲಹಂಕ:
ಸುತ್ತಲಿನ ಅಂಗಾಂಶವನ್ನೂ ಮರೆಯಬಾರದು. ಗಡ್ಡೆಯ ಕೋಶಗಳು ಸ್ರವಿಸುವ ಟಿಜಿಎಫ್-ಬೀಟಾದಂತಹ ಅಣುಗಳಿಂದ ಸ್ಟೆಲೇಟ್ ಕೋಶಗಳು (ಗ್ರಂಥಿಯಲ್ಲಿ ನಾರು ಅಂಗಾಂಶ ಕಟ್ಟುವ ಕೋಶಗಳು) ಸಕ್ರಿಯಗೊಂಡು ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ತುಂಬುವುದರಿಂದ, ರಕ್ತನಾಳಗಳು ಅದುಮಿಹೋಗಿ ಔಷಧ ಒಳಸೇರುವುದೇ ಕಷ್ಟವಾಗುತ್ತದೆ.

ಜೀವಶಾಸ್ತ್ರ ವಿದ್ಯಾರ್ಥಿನಿ:
ಧನ್ಯವಾದಗಳು ಸರ್. ಕೆ-ರಾಸನ್ನೇ ತಡೆಯುವ ಔಷಧಗಳಿಲ್ಲವೇ?

ರೋಗಶಾಸ್ತ್ರ ಬೋಧಕ:
ಇವೆಯಮ್ಮ. 2021ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಅನುಮೋದನೆ ಪಡೆದ ಸೊಟೊರಾಸಿಬ್, 12ನೆಯ ಸ್ಥಾನದಲ್ಲಿ ಸಿಸ್ಟೀನ್ ಬಂದಿರುವ ರೂಪಕ್ಕೆ ಮಾತ್ರ ಅಂಟಿಕೊಳ್ಳುತ್ತದೆ; ಮೇದೋಜ್ಜೀರಕದಲ್ಲಿ ಆ ರೂಪ ಬಹಳ ಅಪರೂಪ. ಆದ್ದರಿಂದಲೇ ಆಸ್ಪಾರ್ಟಿಕ್ ಆಮ್ಲದ ರೂಪವನ್ನು ಗುರಿಯಾಗಿಸುವ ಔಷಧಗಳ ಮೇಲೆ ಈಗ ಇಷ್ಟೊಂದು ಪ್ರಯೋಗಗಳು ನಡೆಯುತ್ತಿವೆ.