ಶಿವಮೊಗ್ಗ–ತೀರ್ಥಹಳ್ಳಿ ಸಹಾಯಾರ್ಥ ನಡಿಗೆ: 20 ನಾಯಿ, 4 ದಿನ. ಎಲ್ಲಿ ಎಡವುತ್ತೇವೆ?

ತುಂಗಾತೀರ (ಪ್ರಶ್ನೆ)

ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೂ ರೇಬೀಸ್ ಲಸಿಕೆಗೂ ದುಡ್ಡು ಕೂಡಿಸಲು ನಡಿಗೆ ಇಟ್ಟುಕೊಂಡಿದ್ದೇವೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೆದ್ದಾರಿಯಲ್ಲೇ, ಸುಮಾರು 60 ಕಿ.ಮೀ. ಜನವರಿ ಮೂರನೇ ವಾರ, ದಿನಕ್ಕೆ 15ರಂತೆ ನಾಲ್ಕು ದಿನ. 35 ಜನ, 20 ನಾಯಿ: ಲ್ಯಾಬ್ರಡಾರ್ ಆರು, ಮುಧೋಳ ಮೂರು, ಪಗ್ ಎರಡು, ಉಳಿದದ್ದೆಲ್ಲ ಊರನಾಯಿ. ರಾತ್ರಿ ಸಮುದಾಯ ಭವನ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ತೋಟದ ಮನೆಯವರ ಕೊಟ್ಟಿಗೆ ಪಕ್ಕ. ತಿಳಿದವರು ತಪ್ಪು ತೋರಿಸಿ, ಬೇಜಾರಿಲ್ಲ.

ಹಾಳೆಟೊಪ್ಪಿ

15 ಕಿ.ಮೀ. ಮನುಷ್ಯರ ಲೆಕ್ಕ ಮಾರಾಯ್ರೇ. ನಾಯಿಗಳ ಗುಂಪು ನೀರು, ಮೂಸುವುದು, ಕಾಲೆತ್ತುವುದು ಎಲ್ಲ ಸೇರಿ ಗಂಟೆಗೆ ಮೂರು, ಹೆಚ್ಚೆಂದರೆ ಮೂರೂವರೆ ಕಿ.ಮೀ. ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟರೆ 15 ಮುಗಿಯುವಾಗ ಹನ್ನೊಂದೂವರೆ, ಹನ್ನೆರಡು. ಜನವರಿಯ ಚಳಿ ನಂಬಬೇಡಿ. ಮಂಜು ಹರಿದ ಮೇಲೆ ಡಾಂಬರು ಬೇಗ ಕಾಯುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆ ರಸ್ತೆ ಆಗದು. ದಿನಕ್ಕೆ 10–12 ಇಟ್ಟುಕೊಂಡು ಹತ್ತೂವರೆಗೆ ನಿಲ್ಲಿಸಿ.

ತಯಾರಿಗೆ ಎಂಟು ವಾರ ಬೇಕು. 3 ಕಿ.ಮೀ.ಯಿಂದ ಶುರು ಮಾಡಿ ವಾರಕ್ಕೆ ಒಂದೊಂದು ಹೆಚ್ಚಿಸಿ, ಕೊನೆಯಲ್ಲಿ ಎರಡು ದಿನ ಬೆನ್ನುಬೆನ್ನಿಗೆ 10 ನಡೆಸಿ ನೋಡಿ. ಎರಡನೇ ದಿನ ಬೆಳಿಗ್ಗೆ ಎದ್ದಾಗ ಹಿಂಗಾಲು ಬಿಗಿದಿದ್ದರೆ ಆ ನಾಯಿ ಈ ಸಲ ಬೇಡ. ಒಂದೂವರೆ ವರ್ಷದೊಳಗಿನ ದೊಡ್ಡ ತಳಿ, ಬೆದೆಗೆ ಬಂದ ಹೆಣ್ಣು, ದಪ್ಪಗಾದ ಲ್ಯಾಬ್ರಡಾರ್ ಕೂಡ ಬೇಡ. ಪಗ್‌ಗಳನ್ನು ಈಗಲೇ ಕೈಬಿಡಿ. ಮೂಗು ಮೊಂಡಾದ ನಾಯಿ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳಲಾರದು.

ಕೊರಳಪಟ್ಟಿಗೆ ಹೆಸರು, ಫೋನ್ ನಂಬರ್ ಮಾತ್ರ ಇರಲಿ. ಎಳೆತಕ್ಕೆ ಎದೆಯ ಮೇಲೆ ವೈ ಆಕಾರದಲ್ಲಿ ಕೂರುವ ಹಾರ್ನೆಸ್. ಹೊಸದನ್ನು ನಡಿಗೆ ದಿನವೇ ತೊಡಿಸಿದರೆ ಎರಡನೇ ದಿನಕ್ಕೆ ಕಂಕುಳು ಕೆಂಪಾಗಿ ಸುಲಿದಿರುತ್ತದೆ. ಮುಧೋಳಕ್ಕೆ ಚರ್ಮ ತೆಳು, ಕೂದಲು ಗಿಡ್ಡ, ಅದಕ್ಕೇ ಮೊದಲು. ಜೊತೆಗೆ ಅದು ಕಣ್ಣಲ್ಲಿ ಬೇಟೆಯಾಡುವ ನಾಯಿ. ಅಂಗಳದಲ್ಲಿ ಕೋಳಿ ಓಡಿದರೆ ನಿಮ್ಮ ಕೈಯೂ ಜೊತೆಗೆ ಹೋಗುತ್ತದೆ. ಎರಡು ಮೀಟರಿನ ಗಟ್ಟಿ ಹಗ್ಗ ಸಾಕು, ಗುಂಡಿ ಒತ್ತಿದರೆ ಉದ್ದವಾಗುವಂಥದ್ದು ಬೇಡವೇ ಬೇಡ.

ನೀರು: 20 ಕೆ.ಜಿ. ನಾಯಿಗೆ ಮನೆಯಲ್ಲಿ ದಿನಕ್ಕೆ ಲೀಟರ್ ಸಾಕಾದರೆ ನಡಿಗೆಯಲ್ಲಿ ಎರಡು. 20 ನಾಯಿಗೆ 20 ಲೀಟರಿನ ಕ್ಯಾನ್ ಎರಡು, ಮೈ ಒದ್ದೆ ಮಾಡಲು ಮೂರನೆಯದು. ಅರ್ಧ ಗಂಟೆಗೊಮ್ಮೆ ನೂರು–ನೂರೈವತ್ತು ಎಂ.ಎಲ್. ಕೊಡಿ, ಬಕೆಟ್ ಮುಂದಿಡಬೇಡಿ. ಹೊರಡುವ ಎರಡು ಗಂಟೆ ಮೊದಲು ಕಾಲು ಊಟ, ಉಳಿದದ್ದು ಸಂಜೆ ಸುಧಾರಿಸಿಕೊಂಡ ಮೇಲೆ. ತುಂಬಿದ ಹೊಟ್ಟೆಯಲ್ಲಿ ನಡೆಸಿದರೆ ಎದೆ ಆಳದ ನಾಯಿಗಳಿಗೆ ಹೊಟ್ಟೆ ಉಬ್ಬರಿಸಿ ಮಗುಚಿಕೊಳ್ಳುವ ಅಪಾಯವಿದೆ. ದಾರಿಯುದ್ದಕ್ಕೂ ಜನ ಪ್ರೀತಿಯಿಂದ ಏನಾದರೂ ಹಾಕುತ್ತಾರೆ. ಈರುಳ್ಳಿ ಸಾಂಬಾರಿನ ಅನ್ನ, ಒಣದ್ರಾಕ್ಷಿ, ಚಾಕೊಲೇಟು ತಿನ್ನಿಸದಂತೆ ಮುಂದಿನವರೇ ಹೇಳುತ್ತಾ ಹೋಗಲಿ.

ಒಸಡು ಇಟ್ಟಿಗೆ ಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ತಾಪ ತಲೆಗೇರಿದೆ ಎಂದರ್ಥ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಕಿವಿಗೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಸ್ವಲ್ಪ ತಣಿದ ಕೂಡಲೇ ವೈದ್ಯರ ಬಳಿಗೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಎಲ್ಲರ ಫೋನಿನಲ್ಲಿರಲಿ.

ಸೊಪ್ಪಿನಬೆಟ್ಟ

ಜನವರಿ ಅಂದಿರಿ, ಕೊಟ್ಟಿಗೆ ಅಂದಿರಿ, ಆದರೆ ಉಣುಗಿನ (ರಕ್ತ ಹೀರುವ ಉಣ್ಣೆಯ) ಸುದ್ದಿಯೇ ಇಲ್ಲ! ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಮರಿ ಉಣುಗುಗಳ ಹಾವಳಿ ಡಿಸೆಂಬರಿನಿಂದ ಮೇವರೆಗೆ. ಎಳ್ಳುಕಾಳಿಗಿಂತ ಸಣ್ಣವು, ಕಪ್ಪು ನಾಯಿಯ ಮೈಮೇಲೆ ಕಾಣುವುದೇ ಇಲ್ಲ.

ಉಣುಗು ಸಾಯಲು ನಾಯಿಗೆ ಅಫೋಕ್ಸೊಲೇನರ್ ಮಾತ್ರೆ ತಿಂಗಳಿಗೊಂದು, ಫ್ಲುರಲೇನರ್ ಆದರೆ 12 ವಾರಕ್ಕೊಂದು. ತೂಕ ನೋಡಿ ವೈದ್ಯರೇ ಬರೆದುಕೊಡಬೇಕು, ಫಿಟ್ಸ್ ಬರುವ ನಾಯಿಯಾದರೆ ಮೊದಲೇ ತಿಳಿಸಿ. ಆದರೆ ಈ ಮಾತ್ರೆ ಕೆಲಸ ಮಾಡುವುದು ಉಣುಗು ಕಚ್ಚಿ ರಕ್ತ ಹೀರಿದ ಮೇಲೆ. ಕಚ್ಚದೆ ಬರೀ ಕೂದಲಲ್ಲಿ ಹರಿದಾಡುವುದು ರಾತ್ರಿ ನಿಮ್ಮ ಚಾಪೆಗೆ ಇಳಿಯುತ್ತದೆ. ಹಾಗಾಗಿ ಮಾತ್ರೆ ಹಾಕಿದರೂ ಪ್ರತಿ ನಿಲುಗಡೆಯಲ್ಲಿ ಬಿಳಿ ಪಂಚೆ ಹಾಸಿ, ಅದರ ಮೇಲೆ ನಿಲ್ಲಿಸಿ ಹೇನು ಬಾಚಣಿಗೆಯಲ್ಲಿ ಬಾಚಿ. ಕಿವಿಯೊಳಗೆ, ಬೆರಳ ಸಂದಿ, ಕೊರಳಪಟ್ಟಿ ಅಡಿ, ಬಾಲದ ಬುಡ. ಕಚ್ಚಿದ್ದನ್ನು ಗ್ಲೌಸ್ ತೊಟ್ಟು, ಮೊನಚು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಉಗುರಲ್ಲಿ ಹಿಚುಕಿ ಚಿಟ್ ಅನ್ನಿಸುವ ಅಭ್ಯಾಸ ಮೊದಲು ಬಿಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ.

ಕೊಟ್ಟಿಗೆ ಪಕ್ಕ, ದರಗಿನ (ಒಣ ಎಲೆಯ) ರಾಶಿ ಹತ್ತಿರ ಮಲಗುವುದು ಬೇಡ. ಕಾಡಿನಿಂದ ಗುಡಿಸಿ ತಂದ ದರಗಿನ ಜೊತೆಗೇ ಉಣುಗೂ ಬಂದಿರುತ್ತದೆ. ಮಂಗ ಸತ್ತ ಸುದ್ದಿಯಿದ್ದರೆ ಆ ದಾರಿಯನ್ನೇ ಬದಲಿಸಿ. ಮುಂಚಿನ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಮನೆಗೆ ಹೋದ ಮೇಲೆ ಮೂರು ವಾರ ನಾಯಿಯ ಮೇಲೂ ಕಣ್ಣಿಡಿ. ಜ್ವರ, ಬಿಳಿಚಿದ ಒಸಡು, ಕಾಫಿ ಬಣ್ಣದ ಉಚ್ಚೆ ಕಂಡರೆ ಅದು ನಾಯಿಗಳದೇ ಉಣುಗು ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ತುಂಗಾತೀರ

ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನೇ ನಾಯಿಗೂ ಸವರಿದರೆ?

ಸೊಪ್ಪಿನಬೆಟ್ಟ

ಬೇಡ, ಅದು ಮನುಷ್ಯರ ಕೈಕಾಲಿಗೆ. ನಾಯಿ ನೆಕ್ಕುತ್ತದೆ. ಇಂಬಳಕ್ಕೆ (ಜಿಗಣೆಗೆ) ಹಚ್ಚುವ ಹೊಗೆಸೊಪ್ಪು–ಸುಣ್ಣದ ಎಣ್ಣೆಯೂ ಅಷ್ಟೇ, ನಾಯಿಗೆ ವಿಷ.

ಮೈಲುಗಲ್ಲು

ಗಾಜನೂರು, ಸಕ್ರೆಬೈಲು, ಮಂಡಗದ್ದೆ ಸಾಲು ಶೆಟ್ಟಿಹಳ್ಳಿ ಅಭಯಾರಣ್ಯದ ಮಗ್ಗುಲಲ್ಲೇ ಇದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವುದು ಬೇರೆ, ನಾಯಿ ಹಿಡಿದು ಕಾಡಂಚಿಗೆ ಇಳಿದು ಬಿಡಾರ ಹೂಡುವುದು ಬೇರೆ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಅಡ್ಡ ಬರುತ್ತದೆ. ಸಕ್ರೆಬೈಲಿನ ಆನೆ ಬಿಡಾರದ ಎದುರು 20 ನಾಯಿ ಬೊಗಳುವುದೂ ನೆಟ್ಟಗಲ್ಲ. ಗಾಜನೂರಿನಿಂದ ಮಂಡಗದ್ದೆವರೆಗೆ ನಾಯಿಗಳನ್ನು ಗಾಡಿಯಲ್ಲಿ ದಾಟಿಸಿ, ಇಲ್ಲವೇ ತೀರ್ಥಹಳ್ಳಿಯಿಂದ ಕವಲೇದುರ್ಗದ ಕೋಟೆ ಕಡೆಗೆ ತಿರುಗಿಸಿ. ಸುಮಾರು 18 ಕಿ.ಮೀ., ಎರಡು ದಿನಕ್ಕೆ ಹದವಾದ ದಾರಿ.

ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ನಾಯಿ ನಿಮ್ಮ ಬಲಕ್ಕೆ, ಚರಂಡಿ ಕಡೆಗೆ. ನಾಲ್ಕೈದು ನಾಯಿಗಳ ಗುಂಪು, ಗುಂಪಿನ ನಡುವೆ ಐವತ್ತು ಮೀಟರ್. ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ, ಘಾಟಿ ತಿರುವಿನಲ್ಲಿ ಹಿಂದೆ ಮುಂದೆ ಒಬ್ಬೊಬ್ಬರು ಕೆಂಪು ಬಾವುಟ ಹಿಡಿಯಬೇಕು. ದಾರಿಯಲ್ಲಿ ಬರುವ ಪ್ರತಿ ಪೊಲೀಸ್ ಠಾಣೆಗೂ ಪಂಚಾಯ್ತಿಗೂ ದಿನಾಂಕ, ವೇಳೆ, ತಲೆಲೆಕ್ಕ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಊರು ಹೊಕ್ಕಾಗ ಅಲ್ಲಿಯ ನಾಯಿಗಳು ಬಂದೇ ಬರುತ್ತವೆ. ಓಡಬೇಡಿ, ಕಲ್ಲೆತ್ತಬೇಡಿ. ಇಬ್ಬರು ಕೋಲು ನೆಲಕ್ಕೆ ಊರಿ ನಡುವೆ ನಿಂತರೆ ನಿಮ್ಮವು ದಾಟುತ್ತವೆ. ತಮ್ಮ ಗಡಿ ಮುಗಿದ ಮೇಲೆ ಅವೇ ಹಿಂದಿರುಗುತ್ತವೆ. ನಿಮ್ಮ ನಾಯಿಗಳಿಗೆ ರೇಬೀಸ್ ಲಸಿಕೆ ತಿಂಗಳ ಮೊದಲೇ ಆಗಿರಬೇಕು, ಇಲಿಜ್ವರದ್ದೂ ಸೇರಿ.

ಇನ್ನೊಂದು, ಅಡಿಕೆ. ಜನವರಿಯಲ್ಲಿ ಅಂಗಳವೆಲ್ಲ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ. ಅದರ ಮೇಲೆ ಒಂದು ನಾಯಿ ಕಾಲೆತ್ತಿತೋ, ನಿಮ್ಮ ಸಹಾಯಾರ್ಥ ನಡಿಗೆಗೆ ಆ ಊರಲ್ಲಿ ಚಹಾ ಕೂಡ ಹುಟ್ಟುವುದಿಲ್ಲ. ತೋಟ, ಗದ್ದೆಯ ಬೇಲಿ ಅಂಚಿಗೆ ಹಗ್ಗ ಸಡಿಲ ಬಿಡಬೇಡಿ. ಹಂದಿಗೆ ಒಡ್ಡಿದ ಉರುಳು, ಕರೆಂಟು ತಂತಿ, ಸಿಡಿಮದ್ದಿನ ಉಂಡೆ ಇರಬಹುದು. ಉಂಡೆಯನ್ನು ನಾಯಿ ತಿಂಡಿ ಎಂದು ಕಚ್ಚಿದರೆ ದವಡೆಯೇ ಹಾರುತ್ತದೆ. ರಾತ್ರಿ ಯಾವ ನಾಯಿಯನ್ನೂ ಹೊರಗೆ ಕಟ್ಟಬೇಡಿ, ಚಿರತೆಗೆ ಕಟ್ಟಿದ ನಾಯಿಗಿಂತ ಸುಲಭದ ತುತ್ತಿಲ್ಲ.

ಜಮಾಖರ್ಚು

ದುಡ್ಡಿನ ವಿಷಯ ಚುಟುಕಾಗಿ. ಕ್ಯೂಆರ್ ಕೋಡ್ ಟ್ರಸ್ಟಿನ ಖಾತೆಯದ್ದೇ ಇರಲಿ, ಕಾರ್ಯದರ್ಶಿಯ ಸ್ವಂತ ಖಾತೆಯದ್ದಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ (1961ರ ಕಾಯ್ದೆಯ 80ಜಿ) ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದವರಿಗೆ ಎಷ್ಟು ಕೊಟ್ಟರೂ ಇಲ್ಲ. ಇದನ್ನು ಮೊದಲೇ ಹೇಳಿ. ಅಮೆರಿಕದಲ್ಲಿರುವ ನೆಂಟರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಸರಿ. ಅಲ್ಲಿನ ಪೌರತ್ವ ಪಡೆದವರ ಹಣ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ.

ಸಂತಾನಹರಣಕ್ಕೆ ಎಂದು ಕರಪತ್ರದಲ್ಲಿ ಅಚ್ಚು ಹಾಕುವ ಮುನ್ನ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ನೋಡಿ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರುವ ಸಂಸ್ಥೆಯೇ ಶಸ್ತ್ರಚಿಕಿತ್ಸೆ ಮಾಡಿಸಬೇಕು. ನಿಮಗದು ಇಲ್ಲದಿದ್ದರೆ ಇರುವವರ ಜೊತೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ನಡಿಗೆಯನ್ನು ನವೆಂಬರ್ ಕೊನೆಗೆ ತರುತ್ತೇವೆ, ದಾರಿ ಕವಲೇದುರ್ಗದ ಕಡೆ, ಎರಡು ದಿನ. ಪಗ್ ಮನೆಯವರು ಮಾತ್ರ ಒಪ್ಪುತ್ತಿಲ್ಲ.

ಹಾಳೆಟೊಪ್ಪಿ

ಹೊರಡುವಾಗ ಮೊದಲ ಅರ್ಧ ಕಿ.ಮೀ. ನಡೆದು ಫೋಟೋ ತೆಗೆಸಿಕೊಳ್ಳಲಿ, ಆಮೇಲೆ ನೀರಿನ ಗಾಡಿಯಲ್ಲಿ ಕಿಟಕಿ ತೆರೆದು ಕೂರಿಸಿ. ನವೆಂಬರಾದರೆ ಗದ್ದೆ ಬದುವಿನಲ್ಲಿ ತೇವ ಇನ್ನೂ ಇರುತ್ತದೆ, ಇಂಬಳಕ್ಕೆ ಪುಡಿ ಉಪ್ಪಿನ ಚೀಲ ಒಂದು ಇಟ್ಟುಕೊಳ್ಳಿ. ಮೂಗಿನೊಳಗೆ ಹೊಕ್ಕರೆ ಉಪ್ಪು ತುರುಕಬೇಡಿ, ವೈದ್ಯರೇ ತೆಗೆಯಬೇಕು.