ಬಾಣಂತಿಯರ ಸರ್ವೆ: ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು

ನರ್ಸಿಂಗ್ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗಾಗಿ ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ಬಾಣಂತಿಯರ ಸರ್ವೆ ಮಾಡುತ್ತಿದ್ದೇನೆ. ಆರು ತಿಂಗಳೊಳಗಿನ ಮಗು ಇರುವವರು ಮಾತ್ರ. "ಎದೆಹಾಲು ಬಿಟ್ಟು ಬೇರೆ ಏನಾದ್ರೂ ಕೊಡ್ತೀರಾ?" ಅಂತ ಸೊಸೆಯನ್ನು ಕೇಳಿದರೆ ಅತ್ತೆ "ಇಲ್ಲಮ್ಮ, ಬರೀ ಹಾಲೇ" ಅನ್ನುತ್ತಾರೆ. ಪಕ್ಕದಲ್ಲಿ ಬಜೆ ತೇಯ್ದ ಸಾಣೆಕಲ್ಲು ಇನ್ನೂ ಒದ್ದೆ ಇರುತ್ತೆ! ಕಬ್ಬಿಣದ ಮಾತ್ರೆ ದಿನಾ ತಗೋತಾಳಂತೆ. ಸ್ಟ್ರಿಪ್ ನೋಡಿದರೆ ಒಂದೂ ಒಡೆದಿಲ್ಲ. ಆ ಹುಡುಗಿ ಮಾತ್ರ ಗೋಡೆ ಕಡೆ ತಿರುಗಿ ಸುಮ್ನೆ ಇರುತ್ತಾಳೆ. ಪಟ್ಟಿಯಲ್ಲಿರುವ ಎಷ್ಟೋ ಜನ ಊರಲ್ಲೇ ಇಲ್ಲ, ತವರಿಗೆ ಹೋಗಿದ್ದಾರೆ. ಅವರನ್ನು ಬಿಟ್ಟುಬಿಡಲಾ?

ಆಶಾ ಕಾರ್ಯಕರ್ತೆ, ಅದೇ ತಾಲ್ಲೂಕು
ನೋಡಮ್ಮ, "ಕೊಡ್ತೀರಾ" ಅಂದ್ರೆ ಇಲ್ಲ ಅಂತಾನೇ ಹೇಳೋದು. ಕೊಡಬಾರದು ಅಂತ ನಾವೇ ಹೇಳಿಕೊಟ್ಟಿದ್ದೀವಲ್ಲ! ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ ನಾವು ಮನೆಗೆ ಹೋಗುತ್ತೇವೆ. ಪ್ರತಿ ಸಲ ಅದೇ ಪಾಠ. ನೀವು ಹೀಗೆ ಕೇಳಿ: ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಮಗು ಬಾಯಿಗೆ ಏನೇನು ಹೋಯ್ತು? ಬಜೆ? ಜೇನು? ಗ್ರೈಪ್ ವಾಟರ್? ಕಾಯಿಸಿ ಆರಿಸಿದ ನೀರು? ಒಂದೊಂದೇ ಹೆಸರು ಹೇಳಿ, ಬೈಯೋ ಮುಖ ಮಾಡಬೇಡಿ.

ಇಬ್ಬರು ಹೋಗಿ. ಒಬ್ಬರು ಅತ್ತೆಯನ್ನು ತಾಯಿ ಕಾರ್ಡ್ ಹುಡುಕೋಕೆ ಕರೆದುಕೊಂಡು ಹೋಗಿ, ಅವರ ಕಾಲದ ಬಾಣಂತನದ ಕಥೆ ಕೇಳುತ್ತಾ ಕೂರಲಿ. ಆ ಕಥೆ ಬೇಗ ಮುಗಿಯಲ್ಲ.

ಇನ್ನೊಂದು. ರೇಷ್ಮೆ ಮನೆಯಾದರೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡೋ ಹೊತ್ತು) ಎದ್ದ ಮೇಲೆ ಹೋಗಿ. ಆಗ ಹುಳಕ್ಕೆ ಸೊಪ್ಪು ಎಷ್ಟಿದ್ದರೂ ಸಾಲಲ್ಲ, ಮನೆಯವರೆಲ್ಲ ಹುಳು ಮನೆಯಲ್ಲೇ. ಬಾಣಂತಿ ಒಬ್ಬಳೇ ಸಿಗುತ್ತಾಳೆ.

ಎರಡು ಮಕ್ಕಳ ತಾಯಿ, ಮುಳಬಾಗಿಲು
ನನ್ನ ಹತ್ತಿರವೂ ಒಬ್ಬರು ಬಂದಿದ್ದರು. ಮನೆ ತುಂಬಾ ಜನ ಇರುವಾಗ "ಮನಸ್ಸಿಗೆ ಬೇಜಾರಿದೆಯಾ?" ಅಂದರು. ಎರಡನೆಯದೂ ಹೆಣ್ಣು, ಬೇಜಾರು ಅಂದರೆ ಅದಕ್ಕೇ ಅಂದುಕೊಳ್ಳುತ್ತಾರೆ ಅಲ್ವಾ? ಇಲ್ಲ ಅಂದೆ. ಆಮೇಲೆ ಬಂದ ಇನ್ನೊಬ್ಬರು ಬಾಗಿಲು ಮುಂದೆ ಮಾಡಿ, ನಮ್ಮ ಮನೆಮಾತು ತೆಲುಗಿನಲ್ಲೇ, ಮಗು ಮಲಗಿದಾಗಲಾದರೂ ನಿದ್ದೆ ಬರುತ್ತಾ ಅಂತ ಕೇಳಿದರು. ಅತ್ತುಬಿಟ್ಟೆ. ಎಲ್ಲ ಹೇಳಿದೆ. ಪಥ್ಯ ಅಂತ ಕುಡಿಯೋಕೆ ನೀರು ಕೂಡ ಅಳೆದು ಕೊಡುತ್ತಿದ್ದದ್ದನ್ನೂ ಹೇಳಿದೆ. ನಿಮ್ಮ ಫಾರಂನಲ್ಲಿ ತಾಯಿಯ ನೀರಿನ ಪ್ರಶ್ನೆ ಇದೆಯಾ?

ಸಮುದಾಯ ಆರೋಗ್ಯ ಪಾಠ ಮಾಡುವವನು, ತುಮಕೂರು
ತವರಿಗೆ ಹೋದವರನ್ನು ದಯವಿಟ್ಟು ಬಿಡಬೇಡಿ. ಅವರಲ್ಲಿ ಚೊಚ್ಚಲ ಬಾಣಂತಿಯರೇ ಜಾಸ್ತಿ. ಅವರನ್ನು ಕೈಬಿಟ್ಟರೆ ಹಾಲು ಕುಡಿಸೋಕೆ ಹೊಸದಾಗಿ ಕಷ್ಟಪಡುವವರೇ ಲೆಕ್ಕದಿಂದ ಹೋಗುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1987ರಲ್ಲಿ ಶುರು ಮಾಡಿದ 'ಪ್ರಾಮ್ಸ್' ಸರ್ವೆಯಲ್ಲಿ ಜನನ ನೋಂದಣಿ ಪಟ್ಟಿಯಿಂದಲೇ ತಾಯಂದಿರನ್ನು ಆರಿಸಿ ಅಂಚೆಯಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಉತ್ತರ ಬರದಿದ್ದರೆ ಫೋನ್. ಸಿಗದವರ ಬೆನ್ನು ಹತ್ತೋದೇ ಅಲ್ಲಿ ದೊಡ್ಡ ಕೆಲಸ.

ಹೆರಿಗೆ ಎಲ್ಲಾಯ್ತು ಅನ್ನೋದಕ್ಕೆ ಒಂದೇ ಸಾಲು ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ನಮ್ಮ ರಾಜ್ಯದ ಆಸ್ಪತ್ರೆ ಹೆರಿಗೆ ನೂರಕ್ಕೆ 97. ಆ ಜಾಗ ಮನಸ್ಸಿನ ಪ್ರಶ್ನೆಗಳಿಗೆ ಕೊಡಿ. ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪಕದಲ್ಲಿ ಇರುವುದೇ 10 ಪ್ರಶ್ನೆ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ. ಅದಕ್ಕೆ ಯಾರಾದರೂ ಹೌದು ಅಂದರೆ ಬರೆದುಕೊಂಡು ಎದ್ದು ಬರುವ ಹಾಗಿಲ್ಲ. ಅವತ್ತೇ ಯಾವ ಡಾಕ್ಟರ್ ನೋಡುತ್ತಾರೆ ಅನ್ನೋದು ಮೊದಲೇ ಗೊತ್ತಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಕೈಯಲ್ಲಿರಲಿ.

ನರ್ಸಿಂಗ್ ವಿದ್ಯಾರ್ಥಿನಿ
ನೀರಿನ ಪ್ರಶ್ನೆ ಇರಲಿಲ್ಲ ಅಕ್ಕ, ಸೇರಿಸುತ್ತೇನೆ. ತವರು ಹಿಂದೂಪುರದ ಕಡೆ ಇರುವವರನ್ನು ಫೋನಲ್ಲೇ ಕೇಳಬಹುದಾ?

ಆಶಾ ಕಾರ್ಯಕರ್ತೆ
ಕೇಳಬಹುದು. ನಂಬರ್ ನಮ್ಮಲ್ಲಿರುತ್ತೆ, ಮೊದಲು ನಾವು ಒಂದು ಮಾತು ಹೇಳಿಡುತ್ತೇವೆ. ನೀವು ಮಾತ್ರ ಸ್ಪೀಕರ್ ಆಫ್ ಮಾಡಿಸಿ ಆಮೇಲೆ ಶುರು ಮಾಡಿ.