ಸಹಾಯ ಬೇಕು: ಟಿಎನ್7 ತಾನು ಸೇರುವ ದೂರವನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರವನ್ನು ಕಲಿಸುತ್ತೇನೆ. ಜಿಗಿಯುವ ಜೀನುಗಳ ಪಾಠದಲ್ಲಿ ಒಂದು ಕಡೆ ಸಿಕ್ಕಿಕೊಂಡು ಎರಡು ವಾರಗಳಾದವು, ಬಲ್ಲವರು ನೆರವಾಗಬೇಕು.

ಟಿಎನ್10 ಎಂಬ ಟ್ರಾನ್ಸ್‌ಪೋಸಾನ್ (ಜಿಗಿಯುವ ಡಿಎನ್‌ಎ ತುಂಡು) 9 ಬೇಸ್ ಜೋಡಿಗಳ (ಡಿಎನ್‌ಎಯ ಉದ್ದವನ್ನು ಎಣಿಸುವ ಘಟಕಗಳ) ಒಂದು ಬಗೆಯ ಅನುಕ್ರಮವನ್ನು ಹೆಚ್ಚಾಗಿ ಆರಿಸಿಕೊಂಡು ಅಲ್ಲಿಯೇ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಕಷ್ಟವಲ್ಲ. ಟಿಎನ್7 ಎಂಬ ಇನ್ನೊಂದು ಟ್ರಾನ್ಸ್‌ಪೋಸಾನಿನಲ್ಲಿ ಹಾಗಿಲ್ಲ. ಅದರ ಟಿಎನ್‌ಎಸ್‌ಡಿ ಪ್ರೋಟೀನು ಜಿಎಲ್‌ಎಮ್‌ಎಸ್ ಜೀನಿನ ಕೊನೆಯ ಭಾಗವನ್ನು ಹಿಡಿಯುತ್ತದೆ. ಕೋಶಭಿತ್ತಿ ಕಟ್ಟಲು ಬೇಕಾದ ಈ ಜೀನು ಅನೇಕ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಬದಲಾಗದೆ ಉಳಿದಿದೆ. ಆದರೆ ಟ್ರಾನ್ಸ್‌ಪೋಸಾನ್ ಸೇರುವುದು ಆ ಜೀನಿಗೆ ಧಕ್ಕೆಯಾಗದಂತೆ, ಹಿಡಿದ ಜಾಗದಿಂದ ಸುಮಾರು 25 ಬೇಸ್ ಜೋಡಿಗಳಷ್ಟು ಆಚೆಗೆ, ಅದೂ ಒಂದೇ ದಿಕ್ಕಿನಲ್ಲಿ. ಆತಿಥೇಯ ಕೋಶಕ್ಕೆ ಕೆಡುಕಾಗದ ಈ ಆಯ್ಕೆ ನನಗಂತೂ ಬಹಳ ಸುಂದರವಾಗಿ ಕಾಣುತ್ತದೆ.

ಸಿಕ್ಕಿದ ಲೇಖನಗಳನ್ನು ಓದಿದೆ, ಅಳತೆಗೆ ತಕ್ಕ ಚಿತ್ರ ಬರೆದು ನೋಡಿದೆ. ಬೆಳಗಾವಿಯಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿಯನ್ನೂ ಕೇಳಿದೆ. ಅವರ ಕೆಲಸ ಪ್ಲಾಸ್ಮಿಡ್‌ಗಳ (ಬ್ಯಾಕ್ಟೀರಿಯಾಗಳಲ್ಲಿ ಬೇರೆಯಾಗಿಯೇ ಇರುವ ಸಣ್ಣ ಡಿಎನ್‌ಎಗಳ) ಕುರಿತಾದುದರಿಂದ, ಟಿಎನ್7ಗೆ ಅಲ್ಲಿಗೆ ದಾರಿ ತೋರುವ ಟಿಎನ್‌ಎಸ್‌ಇ ಎಂಬ ಪ್ರೋಟೀನಿನ ಬಗ್ಗೆಯಷ್ಟೇ ತಿಳಿಸಿದರು. ಟಿಎನ್‌ಎಸ್‌ಡಿ ಡಿಎನ್‌ಎಯನ್ನು ತುಸು ತಿರುಚಿ ಟಿಎನ್‌ಎಸ್‌ಸಿ ಎಂಬ ಮತ್ತೊಂದು ಪ್ರೋಟೀನನ್ನು ಕರೆತರುತ್ತದೆ, ಅದು ಎಟಿಪಿಯ (ಕೋಶದ ಶಕ್ತಿವಾಹಕ ಅಣುವಿನ) ನೆರವಿನಿಂದ ಡಿಎನ್‌ಎಯ ಸುತ್ತ ಉಂಗುರದಂತೆ ಕೂಡುತ್ತದೆ ಎಂಬಲ್ಲಿಯವರೆಗೆ ನನಗೆ ಅರ್ಥವಾಗಿದೆ. ಸೇರುವ ಬಿಂದುವಿನ ಅನುಕ್ರಮ ಮುಖ್ಯವಲ್ಲ ಎಂದಾದ ಮೇಲೆ ಆ ದೂರವನ್ನು ಯಾವುದು ಗೊತ್ತುಪಡಿಸುತ್ತದೆ ಎಂಬುದೇ ನನ್ನ ಗೊಂದಲ.

ದೂರವನ್ನು ನಿರ್ಧರಿಸುವುದು ಟಿಎನ್‌ಎಸ್‌ಸಿ ಉಂಗುರಗಳ ಉದ್ದವೇ, ಅಥವಾ ಟಿಎನ್‌ಎಸ್‌ಡಿ ಉಂಟುಮಾಡುವ ತಿರುಚೇ? ಹಿಡಿಯುವ ಜಾಗಕ್ಕೂ ಸೇರುವ ಬಿಂದುವಿಗೂ ನಡುವೆ 10 ಬೇಸ್ ಜೋಡಿಗಳನ್ನು ಹೆಚ್ಚಾಗಿ ಸೇರಿಸಿದರೆ ಟ್ರಾನ್ಸ್‌ಪೋಸಾನ್ ಎಲ್ಲಿ ಸೇರುತ್ತದೆ?